ಒಂದೇ ಜಿಲೆಟಿನ್ ಕಡ್ಡಿ, ಎರಡು ಕಾಯ್ದೆ

ಮಂಗಳೂರು, ಉಡುಪಿಯ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ನಾನು, ಸ್ಫೋಟಕಗಳ ಪ್ರಕರಣ ಬಂದಾಗ ಸಾಕ್ಷಿಗಳ ಹೇಳಿಕೆಗೂ ಮೊದಲು ಜಪ್ತಿ ಮಹಜರನ್ನು, ಅಂದರೆ ವಶಪಡಿಸಿಕೊಂಡ ವಸ್ತುಗಳ ಬಗ್ಗೆ ಪೊಲೀಸರು ಬರೆದ ದಾಖಲೆಯನ್ನು, ಓದುತ್ತೇನೆ. 1884ರ ಸ್ಫೋಟಕಗಳ ಕಾಯ್ದೆ ಮತ್ತು 1908ರ ಸ್ಫೋಟಕ ವಸ್ತುಗಳ ಕಾಯ್ದೆಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಸಿಕ್ಕಿದ ಒಂದೊಂದು ವಸ್ತುವೂ ಯಾವುದರ ವ್ಯಾಖ್ಯೆಯೊಳಗೆ ಬರುತ್ತದೆಂದು ಗುರುತು ಹಾಕುತ್ತೇನೆ. ಅದಾಗದೆ ಜಾಮೀನು ಅರ್ಜಿಯನ್ನೂ ಬರೆಯುವುದಿಲ್ಲ.

1884ರ ಕಾಯ್ದೆಯ ಕಲಂ 4(ಡಿ) ಗನ್‌ಪೌಡರ್, ನೈಟ್ರೊಗ್ಲಿಸರಿನ್, ಡಿಟೊನೇಟರ್‌ಗಳ ಜೊತೆ ಪಟಾಕಿಗಳನ್ನೂ ಹೆಸರಿಸುತ್ತದೆ. ನಮ್ಮ ಜಾತ್ರೆಗಳಲ್ಲಿ ಸಿಡಿಸುವ ದೊಡ್ಡ ಸದ್ದಿನ ಪಟಾಕಿಯಾದ ಗರ್ನಾಲು ಕೂಡ ಅದರ ಪ್ರಕಾರ ಸ್ಫೋಟಕವೇ. ಅಲ್ಲಿ ಏಳುವ ಪ್ರಶ್ನೆ ಪರವಾನಗಿ ಮತ್ತು ಅದರ ಷರತ್ತುಗಳದ್ದು.

1908ರ ಕಾಯ್ದೆಯ ಉದ್ದೇಶವೇ ಬೇರೆ. ಆ ವರ್ಷದ ಏಪ್ರಿಲ್ 30ರಂದು ಬಿಹಾರದ ಮುಜಫ್ಫರ್‌ಪುರದಲ್ಲಿ ಕ್ರಾಂತಿಕಾರಿಗಳ ಬಾಂಬ್ ಸಿಡಿದ ಮೇಲೆ, ಜೂನ್‌ನಲ್ಲಿ ಅದು ಜಾರಿಗೆ ಬಂತು. ಸ್ಫೋಟಕ ವಸ್ತುವನ್ನು ತಯಾರಿಸಲು ಬೇಕಾದ ಸಾಮಗ್ರಿ, ಸ್ಫೋಟ ಉಂಟುಮಾಡಲು ಬಳಸಿದ ಅಥವಾ ಬಳಸಲು ಉದ್ದೇಶಿಸಿದ ಉಪಕರಣ, ಆ ಉಪಕರಣದ ಒಂದು ಭಾಗ, ಇವೆಲ್ಲವೂ ಅದರ ಕಲಂ 2ರ ಪ್ರಕಾರ ಸ್ಫೋಟಕ ವಸ್ತುಗಳೇ. 2022ರ ನವೆಂಬರ್ 19ರಂದು ನಮ್ಮ ಮಂಗಳೂರಿನ ನಾಗುರಿಯಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಗೊಂಡ ಬಳಿಕ, ಅಡುಗೆಮನೆಯ ಪಾತ್ರೆಯೊಂದು ಈ ವ್ಯಾಖ್ಯೆಯೊಳಗೆ ಹೇಗೆ ಸೇರುತ್ತದೆಂದು ಕಿರಿಯ ವಕೀಲರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2001ರ ತಿದ್ದುಪಡಿ ಆರ್‌ಡಿಎಕ್ಸ್, ಪಿಇಟಿಎನ್‌ನಂಥ ಅತಿ ಪ್ರಬಲ ಸ್ಫೋಟಕಗಳನ್ನು ವಿಶೇಷ ವರ್ಗವೆಂದು ಬೇರ್ಪಡಿಸಿ ಶಿಕ್ಷೆಯನ್ನು ಹೆಚ್ಚಿಸಿತು. ಆದರೆ ನನ್ನಂಥವರು ದಿನನಿತ್ಯ ಹೆಣಗುವುದು, ಸ್ಫೋಟಕ ವಸ್ತುವನ್ನು ತಯಾರಿಸಿದವರಿಗೆ ಅಥವಾ ಇಟ್ಟುಕೊಂಡವರಿಗೆ ಅನ್ವಯಿಸುವ ಕಲಂ 5ರೊಂದಿಗೆ. ವಸ್ತು ಕಾನೂನುಬದ್ಧ ಉದ್ದೇಶಕ್ಕಲ್ಲವೆಂಬ ಸಕಾರಣ ಸಂಶಯ ಹುಟ್ಟುವ ಸನ್ನಿವೇಶವನ್ನು ಪ್ರಾಸಿಕ್ಯೂಷನ್ ತೋರಿಸಿದರೆ, ಉದ್ದೇಶ ಕಾನೂನುಬದ್ಧವೇ ಆಗಿತ್ತೆಂದು ತೋರಿಸುವ ಹೊಣೆ ಆರೋಪಿಯ ಮೇಲೆ ಬೀಳುತ್ತದೆ. ಶಿಕ್ಷೆ 10 ವರ್ಷಗಳವರೆಗೂ ಹೋಗಬಹುದು.

ಕಾರ್ಕಳ ಕಡೆಯ ಕಲ್ಲುಕೋರೆಯ ಕಾರ್ಮಿಕನೊಬ್ಬನ ಪ್ರಕರಣದಲ್ಲಿ ಎರಡು ಕಾಯ್ದೆಗಳ ನಡುವಿನ ಈ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸಿತು. ಬಂಡೆ ಸಿಡಿಸಲು ಬಳಸುವ ಜಿಲೆಟಿನ್ ಕಡ್ಡಿಗಳೂ ಅವನ್ನು ಸಿಡಿಸುವ ಡಿಟೊನೇಟರ್‌ಗಳೂ ಅವನ ಶೆಡ್ಡಿನಲ್ಲಿ ಸಿಕ್ಕಿದ್ದು ನಿಜ. ಅವು ಸ್ಫೋಟಕಗಳಲ್ಲವೆಂದು ವಾದಿಸುವುದು ನ್ಯಾಯಾಲಯದ ಸಮಯವನ್ನು ಹಾಳು ಮಾಡಿದಂತೆ. ಆದರೆ ಪೊಲೀಸರೇ ವಶಪಡಿಸಿಕೊಂಡು ದೋಷಾರೋಪಣ ಪಟ್ಟಿಯೊಂದಿಗೆ ಸಲ್ಲಿಸಿದ್ದ ದಾಖಲೆಗಳಲ್ಲಿ ಕೋರೆಯ ಮಾಲೀಕರ ಪರವಾನಗಿಯೂ ದಾಸ್ತಾನು ಪುಸ್ತಕವೂ ಇದ್ದವು, ಸಿಕ್ಕಿದ ಕಡ್ಡಿಗಳ ಲೆಕ್ಕ ಆ ಪುಸ್ತಕಕ್ಕೆ ತಾಳೆಯಾಗುತ್ತಿತ್ತು. ಮಾಡಿದ ಅಪರಾಧ ಏನಾದರೂ ಇದ್ದರೆ ಅದು ಮ್ಯಾಗಜೀನಿನ (ಸ್ಫೋಟಕಗಳನ್ನು ಇಡುವ ಪರವಾನಗಿ ಪಡೆದ ಗೋದಾಮಿನ) ಹೊರಗೆ ದಾಸ್ತಾನು ಇಟ್ಟದ್ದು, ಅಂದರೆ ನಿಯಮ ಮತ್ತು ಪರವಾನಗಿ ಷರತ್ತುಗಳ ಉಲ್ಲಂಘನೆಯನ್ನು ಶಿಕ್ಷಿಸುವ 1884ರ ಕಾಯ್ದೆಯ ಕಲಂ 9ಬಿ ವ್ಯಾಪ್ತಿಯದ್ದು ಎಂದು ವಾದಿಸಿದೆ. 1908ರ ಕಾಯ್ದೆಯ ವಿಚಾರಣೆಗೆ ಕಲಂ 7ರಡಿ ಕಡ್ಡಾಯವಾದ ಜಿಲ್ಲಾ ದಂಡಾಧಿಕಾರಿಯ ಸಮ್ಮತಿ ಕಡತದಲ್ಲಿ ಇಲ್ಲದಿರುವುದನ್ನೂ ತೋರಿಸಿದೆ, ಆದರೆ ಅದನ್ನೇ ನೆಚ್ಚಲಿಲ್ಲ. ಸಮ್ಮತಿಯನ್ನು ಆಮೇಲೆ ತರಬಹುದು, ಉದ್ದೇಶವನ್ನು ಆಮೇಲೆ ಸೃಷ್ಟಿಸಲಾಗದು. ಸೆಷನ್ಸ್ ನ್ಯಾಯಾಲಯ ಕಲಂ 5ರ ಆರೋಪವನ್ನು ಕೈಬಿಟ್ಟು, ಉಳಿದದ್ದನ್ನು ಮ್ಯಾಜಿಸ್ಟ್ರೇಟರ ವಿಚಾರಣೆಗೆ ಕಳುಹಿಸಿತು.