ಅಂಗಡಿಗೆ ಹೋಗೋದನ್ನೇ ಕಡಿಮೆ ಮಾಡಿದೆವು

ಮನೆಖರ್ಚು ಇಳಿಸಬೇಕು ಅಂದ ಕೂಡಲೇ ಎಲ್ಲರೂ ಬೆಲೆಯ ಮಾತಿಗೆ ಇಳಿಯುತ್ತಾರೆ. ಎಲ್ಲಿ ಎರಡು ರೂಪಾಯಿ ಕಡಿಮೆ, ಯಾವ ದಿನ ಆಫರ್, ಯಾವುದಕ್ಕೆ ಒಂದು ಕೊಂಡರೆ ಇನ್ನೊಂದು ಫ್ರೀ. ನಮ್ಮ ಮನೆಯಲ್ಲಿ ಖರ್ಚು ನಿಜವಾಗಿ ಇಳಿದದ್ದು ಎಷ್ಟು ಸಲ ಕೊಳ್ಳುತ್ತೇವೆ ಅನ್ನೋದನ್ನು ಹಿಡಿತಕ್ಕೆ ತಂದ ಮೇಲೆ. ನಾವು ಮೈಸೂರಿನವರು. ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು. ನಮ್ಮ ಮನೆಯವರದು ಸಂಬಳ, ನನ್ನದು ಸಂಜೆ ಟ್ಯೂಷನ್ ಹೇಳಿ ಬರುವ ದುಡ್ಡು. ಬಾಡಿಗೆ ಮನೆ.

ಮೊದಲು ಮಾಡಿದ್ದು ಫೋನಿನಲ್ಲಿ ಹಿಂದಿನ ತಿಂಗಳ ಪಾವತಿಗಳನ್ನೆಲ್ಲ ತೆಗೆದು ನೋಡಿದ್ದು. ನಮ್ಮಮ್ಮನ ಕಾಲದಲ್ಲಿ ಖರ್ಚಿನ ಪುಸ್ತಕ ಬರೆಯೋಕೆ ದಿನಾ ರಾತ್ರಿ ಕೂರಬೇಕಿತ್ತು. ಈಗ ಯುಪಿಐ ಎಲ್ಲವನ್ನೂ ತಾನೇ ಬರೆದಿಟ್ಟಿರುತ್ತದೆ, ನಾವು ನೋಡೋದಿಲ್ಲ ಅಷ್ಟೇ. ಬಾಡಿಗೆ, ಫೀಸು, ಗ್ಯಾಸು ಎಷ್ಟು ಅಂತ ನಮಗೆ ಗೊತ್ತೇ ಇತ್ತು. ಗೊತ್ತಿಲ್ಲದಿದ್ದದ್ದು ನಡುವೆ ಸಾಲುಸಾಲಾಗಿ ನಿಂತಿದ್ದ 40, 65, 120 ರೂಪಾಯಿಗಳು. ಹಾಲಿಗೆ ಅಂತ ಹೋಗಿ ಬಿಸ್ಕತ್ತು, ಬ್ರೆಡ್ಡು. ಮಗನನ್ನು ಕರೆತರುವಾಗ ಬೇಕರಿಯಲ್ಲಿ ಪಫ್ಸು. ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪಿನಲ್ಲಿ ಒಂದು ಕಟ್ಟು ಕೊತ್ತಂಬರಿ ಬೇಕಾದರೆ, ಡೆಲಿವರಿ ಫ್ರೀ ಆಗಲಿ ಅಂತ ಜೊತೆಗೊಂದು ಚಿಪ್ಸು, ಒಂದು ಐಸ್‌ಕ್ರೀಮು. ಅದರ ಮೇಲೆ ಹ್ಯಾಂಡ್ಲಿಂಗ್ ಚಾರ್ಜು ಬೇರೆ. ಕೂಡಿಸಿ ನೋಡಿದರೆ ಈ ಚಿಲ್ಲರೆ ಸಾಲುಗಳದ್ದೇ ತಿಂಗಳ ದಿನಸಿಗಿಂತ ಜಾಸ್ತಿ.

"ಇದನ್ನೆಲ್ಲ ಬಿಟ್ಟು ಸನ್ಯಾಸ ತಗೋಬೇಕಾ?" ಅಂದರು ನಮ್ಮ ಮನೆಯವರು. ಬಿಡೋದು ಬೇಡ, ಸಲ ಕಡಿಮೆ ಮಾಡೋಣ ಅಂತ ಮಾತಾಯಿತು. ದಿನಾ ತರೋದು ಹಾಲು ಮಾತ್ರ. ತರಕಾರಿ ವಾರಕ್ಕೆ ಎರಡು ಸಲ. ದಿನಸಿ ತಿಂಗಳಿಗೆ ಒಂದು ಸಲ. ಬೇಕರಿ ಶನಿವಾರ. ನಡುವೆ ಏನಾದರೂ ಮುಗಿದರೆ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆಯೋದು, ಮುಂದಿನ ಸಲದವರೆಗೆ ಇದ್ದದ್ದರಲ್ಲೇ ಸುಧಾರಿಸೋದು. ಆ್ಯಪುಗಳನ್ನು ಎರಡು ಫೋನಿನಿಂದಲೂ ತೆಗೆದೆವು. ಮತ್ತೆ ಹಾಕಿಕೊಳ್ಳೋದು ಒಂದು ನಿಮಿಷದ ಕೆಲಸ, ನಿಜ. ಆದರೆ ಆ ಒಂದು ನಿಮಿಷದ ಸೋಮಾರಿತನವೇ ಸಾಕಾಗುತ್ತದೆ.

ಇದಕ್ಕೆ ದೊಡ್ಡ ಬಲ ಅತ್ತೆಯವರದು. ಅವರಿಗೆ ಇದು ಹೊಸದೇನಲ್ಲ. ಹುಣಸೆಹಣ್ಣು ಮುಗಿದಿದೆ ಅಂತ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ, "ಟೊಮೇಟೊ ಇಲ್ವೇನಮ್ಮ? ನಿಂಬೆಹಣ್ಣು ಇಲ್ವಾ? ಕೊತ್ತಂಬರಿ ಇಲ್ಲದಿದ್ದರೆ ಸಾರು ಕುದಿಯಲ್ವಾ?" ಅಂತ ಕೂಗುತ್ತಾರೆ.

ತಿಂಗಳ ದಿನಸಿಯಲ್ಲೂ ಕೆಲವನ್ನು ವರ್ಷಕ್ಕೊಂದು ಸಲಕ್ಕೆ ತಂದೆವು. ತೊಗರಿಬೇಳೆ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ. ಕಲಬುರಗಿ ಕಡೆ ಹೊಸ ತೊಗರಿ ಡಿಸೆಂಬರ್, ಜನವರಿಗೆ ಬರುತ್ತದೆ. ಮೆಣಸಿನಕಾಯಿ, ಹುಣಸೆ ಶಿವರಾತ್ರಿಯ ಆಚೀಚೆ. ಬೆಳೆ ಬರುವ ಕಾಲಕ್ಕೆ ಸಂತೇಪೇಟೆಯ ಸಗಟು ಅಂಗಡಿಗಳಿಗೆ ಹೋಗುತ್ತೇನೆ. ಸಿಟಿ ಬಸ್ಸು ನನಗೆ ಫ್ರೀ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಬರುವಾಗ ಮೂಟೆ ಇರುವುದರಿಂದ ಆಟೊ. ಆ ಆಟೊ ದುಡ್ಡನ್ನೂ ಬೇಳೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಸೇರಿಸದೆ ಉಳಿತಾಯ ಆಯಿತು ಅನ್ನೋದು ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ಅಕ್ಕಿ ಮಾತ್ರ ಪಕ್ಕದ ಅಂಗಡಿಯಿಂದಲೇ, 26 ಕೆಜಿ ಮೂಟೆ. 25 ಇದ್ದದ್ದು 26 ಯಾಕಾಯಿತು ಅಂತ ಎಷ್ಟೋ ಜನ ಕೇಳುತ್ತಾರೆ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5ರ ಜಿಎಸ್‌ಟಿ ಬಂತು. ಮಿಲ್ಲಿನವರು ಒಂದು ಕೆಜಿ ಸೇರಿಸಿ ಅದರಿಂದ ತಪ್ಪಿಸಿಕೊಂಡರು. ಹಾಗಾಗಿ ಐದೈದು ಕೆಜಿ ಚೀಲ ತರುವವರಿಗಿಂತ ಮೂಟೆ ತರುವವರಿಗೆ ಲಾಭ.

ಬೇಳೆ ವರ್ಷವಿಡೀ ಕೆಡದ ಹಾಗೆ ಇಡೋದು ಅತ್ತೆಯ ಕೆಲಸ. ಒಂದು ದಿನ ಪೂರ್ತಿ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಹಾಕುತ್ತಾರೆ. ಸಂಜೆ ಮೊರದಲ್ಲಿ ಕೇರಿ, ಬಿಸಿ ಪೂರಾ ಆರುವವರೆಗೆ ಬಿಡುತ್ತಾರೆ. ಬಿಸಿ ಇರುವಾಗಲೇ ತುಂಬಿದರೆ ಡ್ರಮ್ಮಿನ ಒಳಗೆ ಬೆವರುತ್ತದೆ. ಆಮೇಲೆ ಅಂಗೈಗೆ ಹರಳೆಣ್ಣೆ ಸವರಿಕೊಂಡು ಬೇಳೆಯನ್ನು ಬೊಗಸೆ ಬೊಗಸೆಯಾಗಿ ಉಜ್ಜುತ್ತಾರೆ. ಕೆಜಿಗೆ ಒಂದು ಚಿಕ್ಕ ಚಮಚದಷ್ಟು ಎಣ್ಣೆ ಸಾಕು, ಬೇಳೆ ಹೊಳೆಯಬೇಕು, ಕೈಗೆ ಅಂಟಬಾರದು. ಸ್ಟೀಲ್ ಡ್ರಮ್ಮಿನ ತಳಕ್ಕೂ ಮೇಲಕ್ಕೂ ಒಣಗಿದ ಬೇವಿನ ಸೊಪ್ಪು. ಬೇಯಿಸುವ ಮುಂಚೆ ಬೆಚ್ಚಗಿನ ನೀರಲ್ಲಿ ತೊಳೆದರೆ ಎಣ್ಣೆ ಬಿಡುತ್ತದೆ.

ಎಲ್ಲವನ್ನೂ ಹೀಗೆ ಜಾಸ್ತಿ ತರಬಾರದು. ರವೆ, ಕಡಲೆಹಿಟ್ಟು, ಗೋಧಿಹಿಟ್ಟು ಮಳೆಗಾಲದಲ್ಲಿ ಬೇಗ ಹುಳ ಹಿಡಿಯುತ್ತವೆ. ತಿಂಗಳಿಗೆ ಬೇಕಾದಷ್ಟೇ ತಂದು, ರವೆಯನ್ನು ಹುರಿದಿಡುತ್ತೇನೆ. ಬಿಸ್ಕತ್ತು, ಕುರುಕಲು ತಿಂಡಿಯ ದೊಡ್ಡ ಪ್ಯಾಕಂತೂ ಉಳಿತಾಯವೇ ಅಲ್ಲ. ದೊಡ್ಡದಿದ್ದರೆ ಮಕ್ಕಳು ದೊಡ್ಡದನ್ನೇ ಮುಗಿಸುತ್ತಾರೆ.

ತರಕಾರಿಗೆ ಎಂ.ಜಿ. ರಸ್ತೆಯ ಮಾರ್ಕೆಟ್ಟು, ಆಗದಿದ್ದಾಗ ಹಾಪ್‌ಕಾಮ್ಸ್. ಕತ್ತಲಾಗುವ ಹೊತ್ತಿಗೆ ಹೋದರೆ ಗುಡ್ಡೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಆದರೆ ಅದು ಆವತ್ತೇ ಬೇಯಿಸುವವರಿಗೆ. ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟು ಕೊಳೆಸಿ ಎಸೆದರೆ ಅಗ್ಗವೂ ತುಟ್ಟಿಯೇ. ನಮ್ಮಲ್ಲಿ ನಿಯಮ ಇಷ್ಟೇ: ಸೊಪ್ಪು ತಂದ ದಿನ ಸೊಪ್ಪಿನ ಅಡುಗೆ, ಬೀನ್ಸು, ಬದನೆ, ಹೀರೆಕಾಯಿ ಮರುದಿನ, ಕುಂಬಳಕಾಯಿ, ಗೆಡ್ಡೆಕೋಸು, ಕ್ಯಾರೆಟ್ಟು ಕೊನೆಗೆ.

ಸೊಪ್ಪಿನ ದಿನ ಅಂದರೆ ಬಸ್ಸಾರು. ಕಡಿಮೆ ಖರ್ಚಿನ ಅಡುಗೆ ಅಂತ ಹೊಸದಾಗಿ ಕಲಿಯೋಕೆ ಹೋಗುವವರು ಮೊದಲು ಇದನ್ನು ಕಲಿಯಬೇಕು. ಒಂದು ಕಟ್ಟು ದಂಟಿನ ಸೊಪ್ಪು, ಒಂದು ಲೋಟ ಹೆಸರುಕಾಳು ಅಥವಾ ತೊಗರಿಬೇಳೆ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ ಬೇಯಿಸಿ, ನೀರು ಬಸಿಯೋದು. ಬಸಿದ ಆ ನೀರೇ, ಅಂದರೆ ಕಟ್ಟೇ, ಸಾರಿಗೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಂದು ಹಿಡಿ ಕಾಯಿತುರಿ, ಸಾರಿನಪುಡಿ, ಹುಣಸೆ, ಅದರ ಜೊತೆ ಬೆಂದ ಸೊಪ್ಪು ಕಾಳು ಒಂದು ಸೌಟು ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಅಡುಗೆ. ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಮರುದಿನಕ್ಕೆ ಸಾರು ಇನ್ನೂ ರುಚಿ. ದಂಟು ಬಲಿತಿದ್ದರೆ ಎಸೆಯೋದಿಲ್ಲ, ನಾರು ತೆಗೆದು ಮರುದಿನ ಹುಳಿಗೆ. ಹೀರೆಕಾಯಿ ತಂದರೆ ಸಿಪ್ಪೆ ಚಟ್ನಿಗೆ. ಇದನ್ನೆಲ್ಲ ಈಗ ಜೀರೋ ವೇಸ್ಟ್ ಅಂತಾರಂತೆ, ಅತ್ತೆಗೆ ಹೇಳಿದೆ, ನಕ್ಕರು.

ಮೊಸರು ಪ್ಯಾಕೆಟ್ ನಿಲ್ಲಿಸಿ ಮನೆಯಲ್ಲೇ ಹೆಪ್ಪು ಹಾಕುತ್ತೇವೆ. ದೋಸೆ ಹಿಟ್ಟು ಕೊಳ್ಳೋದಿಲ್ಲ. ಅಷ್ಟರಲ್ಲೇ ಬೆಳಗಿನ ತಿಂಡಿಯ ಖರ್ಚು ಎದ್ದು ಕಾಣುವಷ್ಟು ಇಳಿಯಿತು.

ಕರೆಂಟಿನ ವಿಷಯ ಸ್ವಲ್ಪ ಬೇರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ, ಲೆಕ್ಕ ಅಷ್ಟು ಸರಳ ಅಲ್ಲ. 2022-23ರಲ್ಲಿ ನೀವು ಬಳಸುತ್ತಿದ್ದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ನಿಮಗೆ ಇಷ್ಟು ಅಂತ ಗೊತ್ತುಮಾಡುತ್ತಾರೆ. ಅದನ್ನು ಮೀರಿದರೆ ಮೀರಿದ ಯೂನಿಟ್ಟಿಗೆ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೇ. ಅಂದರೆ 199ಕ್ಕೂ 201ಕ್ಕೂ ನಡುವೆ ಇರೋದು ಎರಡು ಯೂನಿಟ್ಟಿನ ವ್ಯತ್ಯಾಸ ಮಾತ್ರ ಅಲ್ಲ. ನಾವು ಬೇಸಿಗೆಯಲ್ಲಿ ಆ ಗೆರೆಯ ಹತ್ತಿರ ಹೋಗುವ ಮನೆ. ಅದಕ್ಕೇ ತಿಂಗಳ ನಡುವೆ ಒಮ್ಮೆ ಮೀಟರ್ ನೋಡುತ್ತೇನೆ.

ಯಾವುದು ಎಷ್ಟು ಎಳೆಯುತ್ತದೆ ಅಂತ ತಿಳಿದರೆ ಎಲ್ಲಿ ಕೈ ಹಾಕಬೇಕು ಅನ್ನೋದು ಗೊತ್ತಾಗುತ್ತದೆ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 34 ಯೂನಿಟ್ ಹತ್ತಿರ. ಕಡಿಮೆ ಕರೆಂಟು ಎಳೆಯುವ ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್, 13-14 ಯೂನಿಟ್. ಹಾಲಿನದೂ ರೂಮಿನದೂ ಬದಲಿಸಿದ್ದಕ್ಕೆ ನಮಗೆ ಬೇಸಿಗೆ ದಾಟಿತು. ಆದರೆ ನಿಮ್ಮ ಬಿಲ್ಲು ಈಗಾಗಲೇ ಸೊನ್ನೆ ಬರುತ್ತಿದ್ದರೆ ಮೂರು ಸಾವಿರ ಕೊಟ್ಟು ಫ್ಯಾನ್ ಬದಲಿಸೋದರಿಂದ ಕೈಗೆ ಒಂದು ರೂಪಾಯಿಯೂ ಉಳಿಯೋದಿಲ್ಲ. ಹಳೆಯದು ಕೆಟ್ಟಾಗ ಬದಲಿಸಿದರೆ ಸಾಕು. ಗೀಸರ್ 2,000 ವ್ಯಾಟ್. 15 ಲೀಟರ್ ನೀರು ಚೆನ್ನಾಗಿ ಕಾಯೋಕೆ ಕಾಲು ಗಂಟೆ, ಅರ್ಧ ಯೂನಿಟ್. ಷವರಿನಲ್ಲಿ ನಿಂತರೆ ಟ್ಯಾಂಕ್ ಖಾಲಿಯಾಗುತ್ತ, ತುಂಬುತ್ತ, ಕಾಯುತ್ತ ಇರುತ್ತದೆ. ಬಕೆಟ್ಟಿಗೆ ಬಿಟ್ಟುಕೊಂಡು ತಣ್ಣೀರು ಬೆರೆಸಿದರೆ ಅದೇ ಟ್ಯಾಂಕಿನಲ್ಲಿ ಇಬ್ಬರ ಸ್ನಾನ. ಮಗಳು ಮೊದಲು ಗೊಣಗಿದಳು, ಈಗಲೂ ಗೊಣಗುತ್ತಾಳೆ. ಫೋನ್ ಚಾರ್ಜರ್ ಪ್ಲಗ್ಗಿನಿಂದ ಕಿತ್ತಿಡಿ, ದುಡ್ಡು ಉಳಿಯುತ್ತೆ ಅನ್ನುವ ಸಲಹೆಯನ್ನು ಮಾತ್ರ ನಾನು ಲೆಕ್ಕಕ್ಕೇ ಇಟ್ಟಿಲ್ಲ. ವರ್ಷಕ್ಕೆ ಅದರಿಂದ ಉಳಿಯೋದು ಒಂದು ಕಾಫಿಗೂ ಸಾಲದು.

ಗ್ಯಾಸಿಗೆ ಹೇಳುವಂಥದ್ದು ಕಡಿಮೆ. ಕಾಳು ನೆನೆಹಾಕೋದು, ಕುಕ್ಕರಿನಲ್ಲಿ ಅನ್ನ ಬೇಳೆ ಒಟ್ಟಿಗೆ ಇಡೋದು, ಉರಿ ಹಳದಿಯಾದರೆ ಬರ್ನರ್ ತೊಳೆಯೋದು. ಸಿಲಿಂಡರ್ ಬಂದಾಗ ತೂಕ ನೋಡಿ: ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕೆಜಿ ಸೇರಿಸಿದಷ್ಟು ಇರಬೇಕು. ತೂಕ ಹಾಕಿ ಕೊಡಿ ಅಂತ ಕೇಳೋದರಲ್ಲಿ ಸಂಕೋಚ ಏನಿಲ್ಲ.

ಒಂದೇ ಏಟಿಗೆ ದೊಡ್ಡದಾಗಿ ಇಳಿದದ್ದು ಅತ್ತೆಯ ಔಷಧಿ. ಬಿಪಿ, ಶುಗರ್ ಎರಡೂ ಇದೆ, ಮಾತ್ರೆ ದಿನಾ ಬೇಕು. ಡಾಕ್ಟರ ಹತ್ತಿರವೇ ಕೇಳಿದೆ, "ಸಾರ್, ಇದನ್ನೇ ಜನೌಷಧಿ ಕೇಂದ್ರದಲ್ಲಿ ತಗೋಬಹುದಾ?" ಅವರು ಕಂಪನಿಯ ಹೆಸರಿನ ಬದಲು ಆಮ್ಲೋಡಿಪಿನ್, ಮೆಟ್‌ಫಾರ್ಮಿನ್ ಅಂತ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದನ್ನೂ ಬರೆದುಕೊಟ್ಟರು. ಮೊದಲು ಕೊಡುತ್ತಿದ್ದರ ಅರ್ಧಕ್ಕೂ ಕಡಿಮೆ ಆಯಿತು. ಬದಲಿಸಿದ ಮೇಲೆ ಕೆಲವು ವಾರ ಬಿಪಿ, ಶುಗರ್ ನೋಡಿಸುತ್ತಲೇ ಇದ್ದೆವು. ಡಾಕ್ಟರಿಗೆ ಹೇಳದೆ ನೀವೇ ಬದಲಿಸಲು ಹೋಗಬೇಡಿ.

ಲೆಕ್ಕ ತಪ್ಪಿಸುವ ಇನ್ನೊಂದು ಖರ್ಚು ಮುಯ್ಯಿ. ವೈಶಾಖ ಬಂತು ಅಂದರೆ ಮದುವೆ, ಗೃಹಪ್ರವೇಶ, ನಾಮಕರಣ. ಒಂದೇ ತಿಂಗಳಲ್ಲಿ ಕವರು, ಸೀರೆ, ಬೆಳ್ಳಿ ಕುಂಕುಮದ ಬಟ್ಟಲು. ಹೋಗದೆ ಇರೋಕಾಗಲ್ಲ, ಕೊಟ್ಟವರಿಗೆ ಕೊಡದೆ ಇರೋಕಂತೂ ಆಗಲ್ಲ. ಹಾಗಾಗಿ ತಿಂಗಳು ತಿಂಗಳೂ ಇಷ್ಟು ಅಂತ ಬೇರೆ ಖಾತೆಯಲ್ಲಿ ಇಡುತ್ತೇವೆ, ಗೌರಿ ಹಬ್ಬ ದಸರಾಕ್ಕೂ ಅದರಲ್ಲೇ. ಯಾರು ಎಷ್ಟು ಕೊಟ್ಟಿದ್ದಾರೆ ಅಂತ ಅತ್ತೆಯ ಹಳೇ ನೋಟ್‌ಬುಕ್ಕಿನಲ್ಲಿ ಇದೆ, ಅದನ್ನು ನೋಡಿಯೇ ಕವರಿಗೆ ಹಾಕೋದು. ಇದರಿಂದ ಖರ್ಚು ಅಷ್ಟೇನೂ ಇಳಿಯಲಿಲ್ಲ, ಮೇ ತಿಂಗಳಲ್ಲಿ ಸಾಲ ಮಾಡೋದು ನಿಂತಿತು. ನೋ ಕಾಸ್ಟ್ ಇಎಂಐ ಕೂಡ ನಿಲ್ಲಿಸಿದೆವು. ಬಡ್ಡಿ ಇಲ್ಲ ಅಂತಾರೆ, ಪ್ರೊಸೆಸಿಂಗ್ ಫೀಸು, ಅದರ ಮೇಲೆ ಜಿಎಸ್‌ಟಿ ಇದ್ದೇ ಇರುತ್ತದೆ.

ಕೈ ಹಾಕದೆ ಬಿಟ್ಟದ್ದೂ ಇದೆ. ಕಾಫಿಪುಡಿ ವಾರವಾರ ಕಾಲು ಕೆಜಿ, ಬೀಜ ಹುರಿದು ಪುಡಿ ಮಾಡುವ ಅಂಗಡಿಯಿಂದಲೇ, ಚಿಕೋರಿ ಶೇ. 20ಕ್ಕಿಂತ ಜಾಸ್ತಿ ಬೇಡ. ಚಿಕೋರಿ ಹೆಚ್ಚು ಹಾಕಿಸಿದರೆ ಪುಡಿ ಅಗ್ಗ ಅಂತ ನಮ್ಮ ಮನೆಯವರು ಒಮ್ಮೆ ಬಾಯಿ ಬಿಟ್ಟಿದ್ದರು. "ಬೇಕಾದರೆ ನನ್ನ ಮಾತ್ರೆ ಕಡಿಮೆ ಮಾಡಿ" ಅಂದರು ಅತ್ತೆ. ಶಾಲೆ ಫೀಸು ನಮ್ಮ ಕೈಯಲ್ಲಿಲ್ಲ. ಮಗಳು ಈಗ ಸಿಟಿ ಬಸ್ಸಿನಲ್ಲಿ ಹೋಗುತ್ತಾಳೆ, ಅವಳ ವ್ಯಾನಿನ ದುಡ್ಡು ಉಳಿಯಿತು. ಮಗ ಇನ್ನೂ ಚಿಕ್ಕವನು, ಬಸ್ಸಿಗೆ ಎರಡು ರಸ್ತೆ ದಾಟಬೇಕು. ಅವನು ಹೈಸ್ಕೂಲಿಗೆ ಹೋಗುವವರೆಗೆ ವ್ಯಾನಿನ ಸುದ್ದಿಗೆ ಹೋಗೋದಿಲ್ಲ.