ಬ್ಯಾಟರಿ ಹೊಸದು, ಡೈನಮೋ ಹೊಸದು, ಆದರೂ ಗಾಡಿಗೆ ಧಕ್ಕಾ: ಮರುಕಳಿಸುವ ಚಾರ್ಜಿಂಗ್ ದೋಷ ಹಿಡಿಯುವುದು ಹೇಗೆ

ಬ್ಯಾಟರಿ ಬದಲಿಸಿ ಮೂರು ತಿಂಗಳಾಗಿಲ್ಲ, ಸೆಲ್ಫ್ ಹೊಡೆದರೆ ಮತ್ತೆ ಟಕ್ ಟಕ್. ‘ಡೈನಮೋ ಹೋಗ್ಯಾದ್ರಿ’ ಅಂದರು, ಅದನ್ನೂ ಬದಲಿಸಿದ್ದಾಯಿತು. ಮಳೆ ಬೀಳುವುದರೊಳಗೆ ಮತ್ತೆ ಅದೇ ಧಕ್ಕಾ. ಕಲಬುರಗಿಯಲ್ಲಿ ಇದು ಹೊಸ ಕಥೆಯಲ್ಲ. ಹಾಗಂತ ಬದಲಿಸಿದ ಬ್ಯಾಟರಿ ಚೆನ್ನಾಗಿಯೇ ಇತ್ತು ಅಂತಲೂ ಅಲ್ಲ; ಅದು ಕೆಟ್ಟದ್ದು ನಿಜ. ಅದನ್ನು ಕೆಡಿಸಿದ್ದು ಮಾತ್ರ ಬಾನೆಟ್ ಒಳಗೆ ಹಾಗೇ ಕೂತಿರುತ್ತದೆ: ಸಡಿಲವಾದ ಅರ್ತಿಂಗ್ (ಬ್ಯಾಟರಿ ನೆಗೆಟಿವ್, ಇಂಜಿನ್, ಬಾಡಿ ಇವನ್ನು ಜೋಡಿಸುವ ಕೇಬಲ್), ಒಳಗೆ ಹಸಿರುಗಟ್ಟಿದ ಲಗ್ (ಕೇಬಲ್ ತುದಿಯ ಲೋಹದ ಬಳೆ), ರಾತ್ರಿಯೆಲ್ಲ ಕರೆಂಟ್ ಕುಡಿಯುವ ಜಿಪಿಎಸ್ ಟ್ರ್ಯಾಕರ್. ಮೀಟರ್ ಹಿಡಿಯದೆ ಇವು ಕಣ್ಣಿಗೆ ಬೀಳುವುದಿಲ್ಲ.

ಊರಿನ ಹವೆಯೂ ಇದರಲ್ಲಿ ಪಾಲುದಾರ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೆ ಬಾನೆಟ್ ಒಳಗಿನ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಬ್ಯಾಟರಿಯ ಉಷ್ಣತೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಶಹಾಬಾದ್ ಕಲ್ಲಿನ ಗಣಿ, ವಾಡಿ–ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಹಾದಿಯಲ್ಲಿ ಓಡಾಡುವ ಗಾಡಿಗಳ ಆಲ್ಟರ್ನೇಟರ್ (ನಾವು ಡೈನಮೋ ಅನ್ನುವುದು ಇದನ್ನೇ) ಒಳಗೆ ನುಣ್ಣನೆಯ ಧೂಳು ಸೇರಿ, ಅದರ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಬೇಗ ಸವೆಯುತ್ತದೆ. ಪೇಟೆಯೊಳಗಷ್ಟೇ ಓಡುವ ಗಾಡಿಯ ಪಾಡು ಬೇರೆ. ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವ ಎರಡು–ಮೂರು ಕಿಲೋಮೀಟರ್‌ನಲ್ಲಿ, ಅದೂ ಎಸಿ ಹಾಕಿಕೊಂಡು, ಸೆಲ್ಫ್ ತಿಂದ ಕರೆಂಟ್ ಪೂರ್ತಿ ವಾಪಸ್ ತುಂಬುವುದಿಲ್ಲ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಗಾಡಿ ಬಂದ್ ಆಗಲಿಲ್ಲ, ಡೈನಮೋ ಸರಿ ಅದ’ ಅನ್ನುವ ಪರೀಕ್ಷೆ ಇನ್ನೂ ಚಾಲ್ತಿಯಲ್ಲಿದೆ. ಅದನ್ನು ಯಾರಿಗೂ ಮಾಡಲು ಬಿಡಬೇಡಿ. ಏರಿಳಿತವನ್ನು ಹೀರಿಕೊಳ್ಳುವ ಬ್ಯಾಟರಿಯೇ ಇಲ್ಲವಾದಾಗ ವೋಲ್ಟೇಜ್ ಒಂದು ಕ್ಷಣಕ್ಕೆ ಹಲವು ಪಟ್ಟು ನೆಗೆಯುತ್ತದೆ. ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್), ಮ್ಯೂಸಿಕ್ ಸಿಸ್ಟಮ್, ಆಲ್ಟರ್ನೇಟರಿನದೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಯಾವುದು ಬೇಕಾದರೂ ಸುಡಬಹುದು. ಕಾರ್ಬ್ಯುರೇಟರ್ ಕಾಲದ ಗಾಡಿಗಳು ಇದನ್ನು ತಡೆದುಕೊಂಡವು, ಈಗಿನವು ತಡೆಯುವುದಿಲ್ಲ.

ಬೇಕಾದ ಸಾಮಾನು: ಡಿಜಿಟಲ್ ಮಲ್ಟಿಮೀಟರ್, 10, 12 ಮತ್ತು 14 ನಂಬರ್ ಸ್ಪ್ಯಾನರ್, ಟಾರ್ಚ್, ತಂತಿ ಬ್ರಶ್, ನೀರು ಹಾಕುವಂಥ ಬ್ಯಾಟರಿಯಾದರೆ ಹೈಡ್ರೋಮೀಟರ್ (ಒಳಗಿನ ಆಸಿಡ್ ನೀರಿನ ಸಾಂದ್ರತೆ ಅಳೆಯುವ ಸಾಧನ). ತೀರಾ ಅಗ್ಗದ ಮಲ್ಟಿಮೀಟರ್‌ಗಳಲ್ಲಿ ಎಸಿ ವೋಲ್ಟ್ (ಇಲ್ಲಿ ಎಸಿ ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಅಳೆಯುವ ಅತಿ ಕಡಿಮೆ ರೇಂಜೇ 200. ಡಿಸಿ ಅಳೆಯಲು ಅದು ಸಾಕು, ಮುಂದೆ ಹೇಳುವ ಡಯೋಡ್ ಪರೀಕ್ಷೆಗೆ ನಡೆಯುವುದಿಲ್ಲ.

ಮೊದಲು ಬ್ಯಾಟರಿ

ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಬಾಗಿಲು ತೆರೆದು ಬಾನೆಟ್ ಎತ್ತಿ, ಒಳಗಿನ ದೀಪ ಆರಿದ ಮೇಲೆ ಎರಡೂ ಟರ್ಮಿನಲ್‌ಗೆ ಮೀಟರ್ ಹಚ್ಚಿ. 12.6 ವೋಲ್ಟ್ ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿಯ ಹತ್ತಿರ. ಈಗ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ತುಂಬಿದ ಬ್ಯಾಟರಿ ಆಗಲೂ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಬಿದ್ದರೆ ಬ್ಯಾಟರಿ ಒಳಗೇ ಸತ್ತಿದೆ; ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ.

ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ ನೋಡಿ. ತುಂಬಿದ ಬ್ಯಾಟರಿಯಲ್ಲಿ 1.250ರಿಂದ 1.280ರವರೆಗೆ ಇರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸೆಲ್‌ಗಳ ನಡುವಿನ ವ್ಯತ್ಯಾಸ. ಐದು ಸೆಲ್ 1.250 ಇದ್ದು ಒಂದು ಮಾತ್ರ 1.180 ಇದ್ದರೆ ಆ ಸೆಲ್ ಹೋಗಿದೆ. ನೀರಿನ ಮಟ್ಟವೂ ಮಾತಾಡುತ್ತದೆ: ಒಂದೇ ಸೆಲ್ ಒಣಗಿದ್ದರೆ ದೋಷ ಬ್ಯಾಟರಿಯದು, ಆರೂ ಒಟ್ಟಿಗೆ ಬೇಗ ಇಳಿಯುತ್ತಿದ್ದರೆ ಓವರ್‌ಚಾರ್ಜ್. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ, ಆ ಲವಣ ಪ್ಲೇಟಿಗೆ ಹೋಗಬಾರದು. ಆರ್‌ಒ ನೀರೂ ಬೇಡ.

ಬ್ಯಾಟರಿ ಪೂರ್ತಿ ಇಳಿದಿದ್ದರೆ ಧಕ್ಕಾ ಕೊಟ್ಟು ಎಬ್ಬಿಸಿ ‘ಓಡಿಸ್ತಾ ಚಾರ್ಜ್ ಆಗ್ತದ’ ಅಂತ ಬಿಡುವುದು ಡೈನಮೋಗೆ ಮಾಡುವ ಅನ್ಯಾಯ. ಅದು ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಡಲು ಇರುವ ಯಂತ್ರ. ಖಾಲಿ ಬ್ಯಾಟರಿ ಸಿಕ್ಕರೆ ಡೈನಮೋ ಬಹಳ ಹೊತ್ತು ಹೆಚ್ಚು ಆಂಪಿಯರ್ ಕೊಡುತ್ತಾ ಬಿಸಿಯೇರುತ್ತದೆ. ಮೇ ತಿಂಗಳ ಮಧ್ಯಾಹ್ನ ಡಯೋಡ್ ಸುಡಲು ಇಷ್ಟೇ ಸಾಕು. ಹೊಸ ಡೈನಮೋ ಹಾಕಿದ ವಾರದಲ್ಲೇ ಕೆಡುವುದಕ್ಕೆ ಇದು ಸಾಮಾನ್ಯ ಕಾರಣ. ಬ್ಯಾಟರಿಯನ್ನು ಹೊರಗೆ ತೆಗೆದು, ಗಾಳಿಯಾಡುವ ಜಾಗದಲ್ಲಿ, ಅದರ ಆಂಪಿಯರ್–ಅವರ್‌ನ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ ಚಾರ್ಜ್ ಮಾಡಿ. ಚಿಕ್ಕ ಪೆಟ್ರೋಲ್ ಕಾರಿನ 35 ಆಂಪಿಯರ್–ಅವರ್ ಬ್ಯಾಟರಿಗೆ 3.5 ಆಂಪಿಯರ್, 10ರಿಂದ 12 ಗಂಟೆ. ಹೊರಡುವ ಗ್ಯಾಸ್ ಹೈಡ್ರೋಜನ್, ಹತ್ತಿರ ಬೀಡಿ–ಸಿಗರೇಟ್ ಬೇಡ.

ಚಾರ್ಜಿಂಗ್ ಅಳೆಯುವುದು

ತುಂಬಿದ ಬ್ಯಾಟರಿ ಕೂರಿಸಿ ಗಾಡಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ 2000 ಆರ್‌ಪಿಎಂ ಹತ್ತಿರ ಹಿಡಿಯಿರಿ. ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಇಂಜಿನ್ ಕಾದ ಮೇಲೆ ಇದು ಸ್ವಲ್ಪ ಇಳಿಯುತ್ತದೆ. ಬಿಸಿಯಲ್ಲಿ ವೋಲ್ಟೇಜ್ ತಗ್ಗಿಸುವುದು ರೆಗ್ಯುಲೇಟರಿನ ಕೆಲಸವೇ, ಹಾಗಾಗಿ ಮಧ್ಯಾಹ್ನ 13.6 ಕಂಡರೆ ಗಾಬರಿಯಾಗಬೇಡಿ. 15 ದಾಟಿದರೆ ಮಾತ್ರ ಕಟ್‌ಔಟ್, ಅಂದರೆ ರೆಗ್ಯುಲೇಟರ್, ಅಥವಾ ಅದರ ವೈರಿಂಗ್ ಕೆಟ್ಟಿದೆ. ಆಗ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ.

ಈಗ ಲೋಡ್ ಹಾಕಿ: ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಫುಲ್, ಎಸಿ, ಹಿಂದಿನ ಗಾಜಿನ ಡಿಫಾಗರ್. 2000 ಆರ್‌ಪಿಎಂನಲ್ಲಿ 13.5ರ ಮೇಲೆ ನಿಲ್ಲಬೇಕು. ಐಡಲ್‌ನಲ್ಲಿ 13ರ ಆಸುಪಾಸಿಗೆ ಬಂದರೆ ಅದು ದೋಷವಲ್ಲ, ಅಷ್ಟು ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯದ ಅರ್ಧವನ್ನೂ ಕೊಡದಿರಬಹುದು.

ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಸಣ್ಣ ವೈರ್ ಹೊರಟಿದ್ದರೆ ನಿಮ್ಮದು ಕಂಪ್ಯೂಟರ್ ನಿಯಂತ್ರಿತ ಚಾರ್ಜಿಂಗ್. ಅದು ಬೇಕೆಂದೇ ಆಗಾಗ 12.6ಕ್ಕೆ ಇಳಿಸುತ್ತದೆ, ಬ್ರೇಕ್ ಹಿಡಿದಾಗ 15ರ ಹತ್ತಿರ ಏರಿಸುತ್ತದೆ. ಇದನ್ನು ತಿಳಿಯದೆ ಎಷ್ಟೋ ಒಳ್ಳೆಯ ಆಲ್ಟರ್ನೇಟರ್ ಗುಜರಿಗೆ ಹೋಗಿವೆ. ಹೆಡ್‌ಲೈಟ್ ಹಾಕಿ ಅಳೆಯಿರಿ, ಬಹುತೇಕ ಗಾಡಿಗಳಲ್ಲಿ ಆಗ 14ರ ಆಸುಪಾಸಿಗೆ ಬರುತ್ತದೆ. ಇಂಥ ಗಾಡಿಗೆ ಚಾರ್ಜರ್ ಅಥವಾ ಜಂಪರ್ ಕೇಬಲ್ ಹಚ್ಚುವಾಗ ನೆಗೆಟಿವ್ ಕ್ಲಿಪ್ಪನ್ನು ಗಾಡಿಯ ಬಾಡಿಯ ಲೋಹಕ್ಕೆ ಹಾಕಿ, ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ ಹಾಕಬೇಡಿ. ಇಲ್ಲದಿದ್ದರೆ ಆ ಡಬ್ಬಿಯೊಳಗಿನ ಸೆನ್ಸಾರ್ ಲೆಕ್ಕ ತಪ್ಪುತ್ತದೆ.

ಕೇಬಲ್ ಮತ್ತು ಅರ್ತಿಂಗ್: ದೋಷ ಅಡಗುವ ಜಾಗ

ಮೇಲಿನ ಪರೀಕ್ಷೆಯಲ್ಲಿ ವೋಲ್ಟೇಜ್ ಕಡಿಮೆ ಬಂದರೆ ಅಂಗಡಿಗಳಲ್ಲಿ ನೇರವಾಗಿ ಡೈನಮೋ ಬಿಚ್ಚುತ್ತಾರೆ. ಅದಕ್ಕಿಂತ ಮೊದಲು ಐದು ನಿಮಿಷದ ಒಂದು ಕೆಲಸವಿದೆ, ಈ ಇಡೀ ಬರಹದಲ್ಲಿ ಒಂದೇ ಮಾಡುವುದಾದರೆ ಇದನ್ನು ಮಾಡಿ.

ಇಂಜಿನ್ 2000 ಆರ್‌ಪಿಎಂ, ಎಲ್ಲ ಲೋಡ್ ಚಾಲೂ. ಮೀಟರ್ ಡಿಸಿ ವೋಲ್ಟ್. ಕೆಂಪು ಪ್ರೋಬ್ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ (ರಬ್ಬರ್ ಟೋಪಿ ಇರುವ ಬಿ ಪ್ಲಸ್), ಕಪ್ಪು ಪ್ರೋಬ್ ಬ್ಯಾಟರಿ ಪಾಸಿಟಿವ್‌ಗೆ. ಕ್ಲ್ಯಾಂಪ್ ಮೇಲಲ್ಲ, ನಡುವಿನ ಸೀಸದ ಪೋಸ್ಟ್ ಮೇಲೆ ಇಡಿ. ಬರುವ ಅಂಕಿ 0.3 ವೋಲ್ಟ್ ಮೀರಬಾರದು. ನಂತರ ಒಂದು ಪ್ರೋಬ್ ಆಲ್ಟರ್ನೇಟರಿನ ಬರೀ ಲೋಹಕ್ಕೆ, ಇನ್ನೊಂದು ಬ್ಯಾಟರಿ ನೆಗೆಟಿವ್ ಪೋಸ್ಟಿಗೆ; ಇಲ್ಲಿ 0.2 ಮೀರಬಾರದು. ಕೈ, ವೈರ್, ಅಂಗಿಯ ತೋಳು ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿರಲಿ. ಬಿ ಪ್ಲಸ್ ಬೋಲ್ಟಿನಲ್ಲಿ ಸದಾ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ.

ಒಂದು ಜಾಯಿಂಟಿನಲ್ಲಿ ಬರೀ 0.02 ಓಮ್ ತಡೆ ಇದೆ ಅನ್ನಿ. 40 ಆಂಪಿಯರ್ ಹರಿದಾಗ ಅಲ್ಲಿ 0.8 ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ತಲುಪುವುದು 13.4. ಉಳಿದ 32 ವ್ಯಾಟ್ ಆ ಜಾಯಿಂಟನ್ನೇ ಕಾಯಿಸುತ್ತದೆ, ಕಾದ ಜಾಯಿಂಟ್ ಇನ್ನಷ್ಟು ಕೆಡುತ್ತದೆ. ಬ್ಯಾಟರಿ ಎಂದೂ ಪೂರ್ತಿ ತುಂಬದೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ವರ್ಷದೊಳಗೆ ಸಾಯುತ್ತದೆ. ಹೊಸದು ಹಾಕಿ, ಅದೂ ಹಾಗೇ.

ಅಂಕಿ ಹೆಚ್ಚು ಬಂದರೆ ಪ್ರೋಬನ್ನು ಒಂದೊಂದೇ ಜಾಯಿಂಟ್ ಮುಂದಕ್ಕೆ ಸರಿಸುತ್ತಾ ಹೋಗಿ. ಪೋಸ್ಟಿನಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಮೇನ್ ಫ್ಯೂಸ್, ಫ್ಯೂಸಿನ ಈಚೆ ಆಚೆ, ಅಲ್ಲಿಂದ ಲಗ್. ಎಲ್ಲಿ ಅಂಕಿ ಜಿಗಿಯಿತೋ ಅಲ್ಲೇ ದೋಷ. ಬ್ಯಾಟರಿ ಮೇಲಿನ ಮೇನ್ ಫ್ಯೂಸಿನ ನಟ್ ಸಡಿಲವಾಗಿ ಪ್ಲಾಸ್ಟಿಕ್ ಕರಗಿರುವುದು ಆಗಾಗ ಸಿಗುತ್ತದೆ. ಅರ್ತಿಂಗ್ ಕಡೆಯಾದರೆ ಬ್ಯಾಟರಿಯಿಂದ ಬಾಡಿಗೆ ಹೋಗುವುದು, ಇಂಜಿನ್‌ನಿಂದ ಬಾಡಿಗೆ ಹೋಗುವುದು, ಎರಡೂ ಪಟ್ಟಿ ನೋಡಿ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಆದ ಮೇಲೆ ತೊಂದರೆ ಶುರುವಾಗಿದ್ದರೆ ಇಂಜಿನ್ ಪಟ್ಟಿ ವಾಪಸ್ ಹಾಕಲು ಮರೆತಿದ್ದಾರಾ ಅಂತ ಮೊದಲು ನೋಡಿ. ಹಳೆಯ ಗಾಡಿಗಳಲ್ಲಿ ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಬಿಸಿಯಾಗುತ್ತಿದ್ದರೆ ಅದೇ ಗುರುತು. ಕರೆಂಟ್ ದಾರಿ ಸಿಗದೆ ಆ ಕೇಬಲ್ ಹಿಡಿದು ಹೋಗುತ್ತಿದೆ.

ರಿಪೇರಿಗೆ ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಬಿಳಿ ಪುಡಿ ತೊಳೆಯಿರಿ, ಸೆಲ್ ಒಳಗೆ ಒಂದು ಹನಿಯೂ ಹೋಗದಿರಲಿ. ತಂತಿ ಬ್ರಶ್‌ನಿಂದ ಹೊಳಪು ಬರಿಸಿ, ಬಿಗಿ ಮಾಡಿ, ಬಿಗಿದ ಮೇಲೆ ವ್ಯಾಸಲಿನ್ ಸವರಿ. ಅರ್ತಿಂಗ್ ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ಲೋಹ ಕಾಣಿಸಿ. ಕೇಬಲ್ ಬದಲಿಸುವುದಾದರೆ 16 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ತಾಮ್ರದ್ದು, ಲಗ್ ಕ್ರಿಂಪ್ ಮಾಡಿದ್ದು. ಸುತ್ತಿಗೆಯಿಂದ ಚಪ್ಪಟೆ ಮಾಡಿ ಟೇಪ್ ಸುತ್ತಿದ ಲಗ್ ಆರು ತಿಂಗಳಿಗೆ ಮತ್ತೆ ಹಸಿರುಗಟ್ಟುತ್ತದೆ.

ಬೆಲ್ಟ್, ಬ್ರಶ್, ಡಯೋಡ್

ಬಿ ಪ್ಲಸ್ ಬೋಲ್ಟಿನಲ್ಲೇ ವೋಲ್ಟೇಜ್ ಕಡಿಮೆ ಇದ್ದರೆ ಮಾತ್ರ ಆಲ್ಟರ್ನೇಟರ್ ಕಡೆ ಬನ್ನಿ, ಅಲ್ಲೂ ಮೊದಲು ಬೆಲ್ಟ್. ಕೈಯಿಂದ ಟೈಟ್ ಮಾಡುವ ಬೆಲ್ಟನ್ನು ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ 8ರಿಂದ 10 ಮಿಲಿಮೀಟರ್ ತಗ್ಗಬೇಕು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಜಾರುತ್ತಿದೆ, ಬದಲಿಸಿ. ಅತಿಯಾಗಿ ಬಿಗಿದರೆ ಬೇರಿಂಗ್ ಹೋಗುತ್ತದೆ. ಅನೇಕ ಡೀಸೆಲ್ ಗಾಡಿಗಳ ಪುಲ್ಲಿಯಲ್ಲಿ ಫ್ರೀವೀಲ್ ಇರುತ್ತದೆ: ಒಂದು ಕಡೆ ಹಿಡಿಯಬೇಕು, ಇನ್ನೊಂದು ಕಡೆ ಬಿಡಬೇಕು. ಎರಡೂ ಕಡೆ ಸುಮ್ಮನೆ ತಿರುಗಿದರೆ ಡೈನಮೋ ಸರಿಯಿದ್ದೂ ಚಾರ್ಜ್ ಇಲ್ಲ.

ಇಗ್ನಿಷನ್ ಆನ್ ಮಾಡಿದಾಗ ಬ್ಯಾಟರಿ ದೀಪ ಹತ್ತಬೇಕು. ಹಳೆಯ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುವುದು. ಬಲ್ಬ್ ಸುಟ್ಟರೆ, ಜೋರಾಗಿ ರೇಸ್ ಮಾಡುವವರೆಗೆ ಚಾರ್ಜಿಂಗ್ ಶುರುವೇ ಆಗದಿರಬಹುದು.

ಡಯೋಡ್ ನೋಡಲು ಮೀಟರನ್ನು ಕಡಿಮೆ ಎಸಿ ವೋಲ್ಟ್‌ಗೆ ಇಟ್ಟು, ಲೋಡ್ ಹಾಕಿ, ಬ್ಯಾಟರಿ ಮೇಲೆ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ಸರಿ, 0.5 ಮೀರಿದರೆ ಡಯೋಡ್ ಹೋಗಿದೆ. ಆಲ್ಟರ್ನೇಟರ್ ಬಿಚ್ಚಿದ ಮೇಲೆ ಸ್ಲಿಪ್ ರಿಂಗ್ (ಶಾಫ್ಟಿನ ಮೇಲೆ ಬ್ರಶ್ ಉಜ್ಜುವ ಬಳೆ) ಎರಡರ ನಡುವೆ ಸಾಮಾನ್ಯವಾಗಿ 2ರಿಂದ 4 ಓಮ್ ಬರಬೇಕು, ರಿಂಗಿನಿಂದ ಶಾಫ್ಟಿಗೆ ಏನೂ ಬರಬಾರದು. ಬ್ರಶ್ ಹೊರಗೆ ಚಾಚಿದ ಭಾಗ 4–5 ಮಿಲಿಮೀಟರ್‌ಗಿಂತ ಕಡಿಮೆಯಾಗಿದ್ದರೆ, ಬಿಚ್ಚಿದ್ದಾಗಲೇ ಬದಲಿಸಿಬಿಡಿ. ಎಷ್ಟೋ ಸಲ ಬ್ರಶ್, ಬೇರಿಂಗ್ ಎರಡೇ ಹಾಕಿದರೆ ಹಳೆಯ ಡೈನಮೋ ಹೊಸ ಅಗ್ಗದ ಡೈನಮೋಗಿಂತ ಹೆಚ್ಚು ಬಾಳುತ್ತದೆ. ಬೇರಿಂಗ್ ಎರಡೂ ಕಡೆ ರಬ್ಬರ್ ಸೀಲ್ ಇರುವುದೇ ಬೇಕು, ನಮ್ಮ ಧೂಳಿಗೆ ಬೇರೆಯದು ನಿಲ್ಲದು. ಹಿಂದೆ ವ್ಯಾಕ್ಯೂಮ್ ಪಂಪ್ ಇರುವ ಹಳೆಯ ಡೀಸೆಲ್ ಗಾಡಿಯಾದರೆ ಆಯಿಲ್ ಸೀಲ್ ಕೂಡ ನೋಡಿ; ಎಣ್ಣೆ ಬ್ರಶ್ ಮೇಲೆ ಬೀಳುತ್ತಿದ್ದರೆ ಹೊಸ ಬ್ರಶ್ ಹಾಕಿಯೂ ಉಪಯೋಗವಿಲ್ಲ. ವಾಟರ್ ಸರ್ವಿಸಿಂಗ್‌ನಲ್ಲಿ ಇಂಜಿನ್ ತೊಳೆಸುವವರು ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿ.

ನಿಂತಲ್ಲೇ ಬ್ಯಾಟರಿ ಇಳಿದರೆ

ಎರಡು ದಿನ ನಿಲ್ಲಿಸಿದರೆ ಮಾತ್ರ ಬ್ಯಾಟರಿ ಬೀಳುವುದಾದರೆ ಅದು ಚಾರ್ಜಿಂಗ್ ದೋಷವಲ್ಲ, ಸೋರಿಕೆ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ 10 ಆಂಪಿಯರ್ ಸಾಕೆಟ್ಟಿನಿಂದ ಕೇಬಲ್ ಮತ್ತು ಪೋಸ್ಟ್ ನಡುವೆ ಜೋಡಿಸಿ. ಬಾಗಿಲ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿ ಅರ್ಧ ಗಂಟೆ ಕಾಯಿರಿ, ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿಯರ್‌ವರೆಗೆ ಸರಿ. ಮೀಟರ್ ಹೀಗೆ ಜೋಡಿಸಿದ್ದಾಗ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ.

300 ಮಿಲಿಆಂಪಿಯರ್ ಸೋರಿಕೆ ದಿನಕ್ಕೆ 7.2 ಆಂಪಿಯರ್–ಅವರ್ ತಿನ್ನುತ್ತದೆ. ಮೂರು ದಿನಕ್ಕೆ 35ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಫ್ಯೂಸ್ ಒಂದೊಂದಾಗಿ ಕಿತ್ತು ಯಾವುದಕ್ಕೆ ಅಂಕಿ ಇಳಿಯುತ್ತದೆ ನೋಡಿ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಆಂಪ್ಲಿಫೈಯರ್, ಡ್ಯಾಶ್‌ಕ್ಯಾಮ್, ಟ್ರ್ಯಾಕರ್ ಮೇಲೆ ಮೊದಲ ಅನುಮಾನ ಇಡಿ, ಆಮೇಲೆ ಡಿಕ್ಕಿಯ ದೀಪ. ಯಾವ ಫ್ಯೂಸಿಗೂ ಬಗ್ಗದಿದ್ದರೆ ಆಲ್ಟರ್ನೇಟರಿನ ಬಿ ಪ್ಲಸ್ ವೈರ್ ಬಿಚ್ಚಿ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಆಗ ಇಳಿದರೆ ಡಯೋಡ್ ಹಿಂದಕ್ಕೆ ಸೋರುತ್ತಿದೆ.

ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾದಾಗ ಕೈಕೊಡುವ ಗಾಡಿಗಳಿಗೆ ಅಂಗಡಿಯ ನೆರಳಿನಲ್ಲಿ ನಿಲ್ಲಿಸಿ ಮಾಡುವ ಪರೀಕ್ಷೆ ಉಪಯೋಗವಿಲ್ಲ. ಮಧ್ಯಾಹ್ನ ಎಸಿ ಹಾಕಿ ಜೇವರ್ಗಿ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ, ಇಂಜಿನ್ ಬಂದ್ ಮಾಡದೆ ಬಾನೆಟ್ ಎತ್ತಿ, 2000 ಆರ್‌ಪಿಎಂ ಹಿಡಿದು, ಬಿ ಪ್ಲಸ್ ಬೋಲ್ಟ್ ಮತ್ತು ಬ್ಯಾಟರಿ ಪೋಸ್ಟ್ ಎರಡರಲ್ಲೂ ಅಳೆಯಿರಿ. ಎರಡೂ 13ರ ಕೆಳಗೆ ಬಿದ್ದಿದ್ದರೆ ರೆಗ್ಯುಲೇಟರ್ ಅಥವಾ ಡಯೋಡ್ ಬಿಸಿಗೆ ಸೋಲುತ್ತಿದೆ. ಬೋಲ್ಟಿನಲ್ಲಿ 14 ಇದ್ದು ಬ್ಯಾಟರಿಯಲ್ಲಿ ಮಾತ್ರ ಬಿದ್ದಿದ್ದರೆ ಆಲ್ಟರ್ನೇಟರ್ ಮುಟ್ಟಬೇಡಿ, ನಡುವಿನ ಕೇಬಲ್ ಹಿಡಿದು ಹುಡುಕಿ.