ಭೂಕಂಪ, ಜ್ವಾಲಾಮುಖಿಯ ಸುದ್ದಿ ಬಂದಾಗ ಏನೇನು ನೋಡಬೇಕು?

ಭೂಕಂಪ ಆಯಿತೆಂದರೆ ಎಲ್ಲರ ಕಣ್ಣು ಮೊದಲು ತೀವ್ರತೆಯ ಅಂಕಿಯ ಮೇಲೆ. ಆದರೆ ಅದೊಂದನ್ನೇ ನೋಡಿದರೆ ಅನಾಹುತದ ಅಂದಾಜು ಸಿಗುವುದಿಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳು ಚಿಲಿಯಲ್ಲಿ 8.8. ಅಲ್ಲಿ ಸತ್ತವರು ಸುಮಾರು 500. ಯಾಕೆ ಹೀಗೆ?

ಮೊದಲು ನಕ್ಷೆಯಲ್ಲಿ ಜಾಗ ಹುಡುಕಿ. ಭೂಮಿಯ ಹೊರಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಅವು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತವೆ. ಅಂಚುಗಳು ಸಿಕ್ಕಿಕೊಂಡಲ್ಲಿ ಒತ್ತಡ ಕೂಡುತ್ತಾ ಹೋಗುತ್ತದೆ. ಒಂದು ದಿನ ಬಂಡೆ ತಡೆಯಲಾರದೆ ಜಾರುತ್ತದೆ, ನೆಲ ನಡುಗುತ್ತದೆ. ಒಂದು ಫಲಕ ಇನ್ನೊಂದರ ಅಡಿಗೆ ಇಳಿದರೆ ಜತೆಗೆ ನೀರನ್ನೂ ಒಯ್ಯುತ್ತದೆ. ಆ ನೀರು ಸೇರಿ ಆಳದ ಬಿಸಿ ಬಂಡೆ ಕರಗುತ್ತದೆ, ಮೇಲೆ ಜ್ವಾಲಾಮುಖಿ ಹುಟ್ಟುತ್ತದೆ. ಪೆಸಿಫಿಕ್ ಸಾಗರದ ಸುತ್ತ ಎರಡೂ ಜಾಸ್ತಿ ಇರುವುದು ಇದಕ್ಕೇ.

ಈಗ ತೀವ್ರತೆ ನೋಡಿ. ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಈ ಲೆಕ್ಕದಲ್ಲಿ ಚಿಲಿಯ ಭೂಕಂಪ ಹೈಟಿಯದಕ್ಕಿಂತ ಸುಮಾರು 500 ಪಟ್ಟು ದೊಡ್ಡದು!

ಆಮೇಲೆ ಆಳ, ಅಂದರೆ ಬಂಡೆ ಜಾರಿದ್ದು ನೆಲದಡಿ ಎಷ್ಟು ಕೆಳಗೆ ಎಂಬುದು. 2013ರಲ್ಲಿ ರಷ್ಯಾದ ಪೂರ್ವ ಅಂಚಿನ ಓಖೋಟ್ಸ್ಕ್ ಸಮುದ್ರದಡಿ 8.3ರ ಭೂಕಂಪವಾಯಿತು. ದೂರದ ಮಾಸ್ಕೋದಲ್ಲೂ ಜನರಿಗೆ ಗೊತ್ತಾಯಿತು, ಆದರೆ ದೊಡ್ಡ ಹಾನಿಯೇನೂ ಆಗಲಿಲ್ಲ. ಅದರ ಆಳ ಸುಮಾರು 600 ಕಿ.ಮೀ. ಹೈಟಿಯದು ಬರೀ 13 ಕಿ.ಮೀ., ಅದೂ ರಾಜಧಾನಿಯ ಪಕ್ಕದಲ್ಲೇ.

ಕೊನೆಗೆ ನೆಲ ಮತ್ತು ಕಟ್ಟಡ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಕೇಂದ್ರದಿಂದ 300 ಕಿ.ಮೀ.ಗೂ ದೂರವಿತ್ತು. ಆದರೂ ನೂರಾರು ಕಟ್ಟಡಗಳು ಉರುಳಿದವು. ನಗರ ನಿಂತಿರುವುದು ಹಳೆಯ ಕೆರೆಯ ಮೆತ್ತನೆ ಮಣ್ಣಿನ ಮೇಲೆ, ಅಲ್ಲಿ ಕಂಪನ ಹಲವು ಪಟ್ಟು ಹೆಚ್ಚುತ್ತದೆ. ಚಿಲಿಯಲ್ಲಿ ಕಟ್ಟಡದ ನಿಯಮ ಬಿಗಿಯಾಗಿತ್ತು, ಹೆಚ್ಚಿನ ಕಟ್ಟಡಗಳು ನಿಂತವು. ಹೈಟಿಯಲ್ಲಿ ಸರಿಯಾಗಿ ಕಬ್ಬಿಣ ಹಾಕದ ಕಾಂಕ್ರೀಟ್ ಚಾವಣಿಗಳು ಒಳಗಿದ್ದವರ ಮೇಲೆ ಕುಸಿದವು.

ಜ್ವಾಲಾಮುಖಿಯಾದರೆ ಲಾವಾದ ಚಿತ್ರವನ್ನಷ್ಟೇ ನೋಡಬೇಡಿ. ಲಾವಾ ಸಾಮಾನ್ಯವಾಗಿ ನಿಧಾನ, ಜನ ನಡೆದು ದೂರ ಹೋಗಬಹುದು. ಕೊಲ್ಲುವುದು ಹೆಚ್ಚಾಗಿ ಬಿಸಿ ಬೂದಿ, ಅನಿಲ ಮತ್ತು ಕೆಸರಿನ ಪ್ರವಾಹ. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದದ್ದು ಚಿಕ್ಕದಾಗಿಯೇ. ಆದರೆ ಶಿಖರದ ಹಿಮ ಕರಗಿ, ಕೆಸರು ಕಣಿವೆಯಲ್ಲಿ ನುಗ್ಗಿ, ಎರಡೂವರೆ ಗಂಟೆಯಲ್ಲಿ ಅರ್ಮೆರೊ ಪಟ್ಟಣ ಮುಳುಗಿತು. ಒಟ್ಟು ಸುಮಾರು 23,000 ಜನ ಸತ್ತರು. ಆ ಪಟ್ಟಣಕ್ಕೆ ಅಪಾಯವಿದೆಯೆಂದು ತೋರಿಸುವ ನಕ್ಷೆ ಮೊದಲೇ ತಯಾರಾಗಿತ್ತು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಸಿಡಿಯಿತು. ಎಚ್ಚರಿಕೆ ಕೇಳಿ ಹತ್ತಾರು ಸಾವಿರ ಜನ ಮೊದಲೇ ಜಾಗ ಬಿಟ್ಟಿದ್ದರು, ಬದುಕಿಕೊಂಡರು. ಹಾಗಾಗಿ ಶಿಖರದ ಜತೆಗೆ ಅಲ್ಲಿಂದ ಇಳಿಯುವ ನದಿಗಳನ್ನೂ, ಅವುಗಳ ದಂಡೆಯ ಊರುಗಳನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.